ಪುನರ್ಪುಳಿಯ ಕೆಂಪು, ಜೀವಕೋಶದ ಮುಪ್ಪು

ಅಡಕೆಯ ಕೊಯಿಲು ಮುಗಿದು ಅಂಗಳ ಬರಿದಾಗುವ ಎಪ್ರಿಲ್ ತಿಂಗಳಿನಲ್ಲಿ ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳಲ್ಲಿ ಪುನರ್ಪುಳಿಯ ಕೆಲಸ ಆರಂಭವಾಗುತ್ತದೆ. ಹಣ್ಣನ್ನು ಆಯ್ದು, ಹುಳುವಿದೆಯೇ ಎಂದು ಶೋಧಿಸಿ, ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಚಾಪೆಯ ಮೇಲೆ ಹರವಿ, ಮುಂಗಾರು ಇಳಿಯುವುದಕ್ಕೆ ಮೊದಲೇ ಒಣಗಿಸಿ ಭರಣಿಗೆ ತುಂಬಬೇಕು. ಮಳೆಗಾಲದುದ್ದಕ್ಕೂ ಸಾರಿಗೆ ಅದೇ ಹುಳಿ. ಅಷ್ಟಮಿ ಚತುರ್ದಶಿಗಳ ಉಪವಾಸದ ಮರುದಿನ ಪಾರಣೆಗೆ ಕೂಡ ಅದರ ಪಾನಕವನ್ನು ಕುಡಿಯುವ ಮನೆಗಳುಂಟು. ಘಟ್ಟದ ಮೇಲಿನವರು ಮುರುಗಲು ಎನ್ನುವುದೂ, ಕೊಂಕಣಿಗರು ಕೋಕಂ ಎನ್ನುವುದೂ ಈ ಹಣ್ಣನ್ನೇ.

ಹೀಗೆ ಅಂಗಳದಲ್ಲಿ ಬಿದ್ದುಕೊಂಡಿದ್ದ ಹಣ್ಣಿಗೆ ಈಚೆಗೆ ಹೊಸದೊಂದು ಬಿರುದು ಬಂದಿದೆ. ಅಂಗಡಿಯ ಬಾಟಲಿಯ ಮೇಲೆ, ಪುಡಿಯ ಪೊಟ್ಟಣದ ಮೇಲೆ, ಗುಳಿಗೆಯ ಡಬ್ಬದ ಮೇಲೆ 'ಆಂಟಿಆಕ್ಸಿಡೆಂಟ್' ಎಂಬ ಶಬ್ದವು ಅಚ್ಚಾಗಿ, ಮುಪ್ಪನ್ನು ಇದು ತಡೆಯುತ್ತದೆಂಬ ಭರವಸೆಯೂ ಜೊತೆಗೆ ಸೇರಿರುತ್ತದೆ. ಇದೇ ಬಿರುದನ್ನು ದ್ರಾಕ್ಷಾಮದ್ಯಕ್ಕೆ ಕೊಟ್ಟಿದ್ದಾರೆ, ಜೇನಿಗೆ ಕೊಟ್ಟಿದ್ದಾರೆ, ಅಂಜೂರಕ್ಕೂ ಕೊಟ್ಟಿದ್ದಾರೆ. ಶ್ರಾವಕನ ಮೂಲಗುಣಗಳನ್ನು ಬಲ್ಲವರಿಗೆ ಈ ಮೂರರ ಹೆಸರನ್ನು ಒಟ್ಟಿಗೆ ಕೇಳಿದೊಡನೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಆರೋಗ್ಯಕ್ಕಾಗಿ ಎಂಬ ನೆಪದಲ್ಲಿ ಹಿರಿಯರ ತ್ಯಾಗವನ್ನು ಸಡಿಲಿಸಬಹುದೇ ಎಂದು ಮಕ್ಕಳು ಕೇಳುತ್ತಾರೆ. ಸಚಿತ್ತತ್ಯಾಗ ಕೈಗೊಂಡ ಹಿರಿಯರಿಗೆ ಬೇರೊಂದು ಸಂದೇಹ: ಹಣ್ಣನ್ನು ಬೇಯಿಸಿ ಪ್ರಾಸುಕ ಮಾಡಿದರೆ ಅದರ ಸತ್ತ್ವವೆಲ್ಲ ನಾಶವಾಯಿತಲ್ಲವೇ? ಇನ್ನು ಶಾಸ್ತ್ರ ಓದಿದವರ ಪ್ರಶ್ನೆಯೇ ಬೇರೆ. ಹಣ್ಣು ಆಯುಷ್ಯವನ್ನು ಬೆಳೆಸುವುದಾದರೆ ಆಯುಕರ್ಮವೆಂಬುದು ಏನಾಯಿತು? ಈ ಮೂರು ಪ್ರಶ್ನೆಗಳಿಗೂ ಉತ್ತರ ಬೇಕಾದರೆ ಮೊದಲು ಆ ಶಬ್ದದ ಅರ್ಥವನ್ನು ತಿಳಿಯಬೇಕು.

ಅದಕ್ಕೆ ಪ್ರಯೋಗಶಾಲೆ ಬೇಡ, ಅಡಿಗೆಮನೆ ಸಾಕು. ಬಾಳೆಕಾಯಿಯನ್ನೋ ಜೀಗುಜ್ಜೆಯನ್ನೋ ಹೆಚ್ಚಿ ಹಾಗೆಯೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹೋಳು ಕಂದುತ್ತದೆ. ಅದನ್ನು ಬಲ್ಲ ಗೃಹಿಣಿಯರು ಹೋಳನ್ನು ಮಜ್ಜಿಗೆ ಬೆರೆತ ನೀರಿಗೋ ಹುಳಿನೀರಿಗೋ ಹಾಕುತ್ತಾರೆ. ಕತ್ತಿ ತಗುಲಿದಾಗ ಕಾಯಿಯ ಕೋಶಗಳು ಒಡೆದು, ಒಳಗಿನ ಫಿನಾಲ್ ಎಂಬ ದ್ರವ್ಯಗಳು ಗಾಳಿಯ ಆಮ್ಲಜನಕದೊಡನೆ ಒಂದು ಕಿಣ್ವದ ಸಹಾಯದಿಂದ ಕೂಡಿಕೊಳ್ಳುತ್ತವೆ. ಆ ಸಂಯೋಗದ ಬಣ್ಣವೇ ಕಂದು. ಹುಳಿಯು ಕಿಣ್ವದ ಕೈ ಕಟ್ಟುತ್ತದೆ. ನಿಂಬೆಯ ರಸವಾದರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಅದರಲ್ಲಿರುವ 'ಸಿ' ಜೀವಸತ್ತ್ವವು ಹೋಳಿಗಿಂತ ಮೊದಲು ತಾನೇ ಆಮ್ಲಜನಕಕ್ಕೆ ತುತ್ತಾಗುತ್ತದೆ. ಆಮ್ಲಜನಕದಿಂದಾಗುವ ಈ ವಿಕಾರಕ್ಕೆ ಉತ್ಕರ್ಷಣವೆಂದು ಹೆಸರು. ಅದನ್ನು ತಡೆಯುವ ದ್ರವ್ಯವೇ ಉತ್ಕರ್ಷಣ ನಿರೋಧಕ. ಕಬ್ಬಿಣ ತುಕ್ಕು ಹಿಡಿಯುವುದೂ, ಹಳೆಯ ಎಣ್ಣೆ ಕಮಟುವುದೂ ಇದೇ ಜಾತಿಯ ಕ್ರಿಯೆಗಳು.

ದೇಹದ ಜೀವಕೋಶಗಳೊಳಗೂ ಆಮ್ಲಜನಕದ ಕೆಲಸ ನಡೆದೇ ಇರುತ್ತದೆ. ಮೈಟೋಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳಲ್ಲಿ ಅನ್ನವು ನಿಧಾನವಾಗಿ ಉರಿದು ಶಕ್ತಿ ಹೊರಡುತ್ತದೆ. ಹಾಗೆ ಉರಿಯುವಾಗ ಕಿಡಿ ಸಿಡಿದಂತೆ, ಜೋಡಿ ತಪ್ಪಿದ ಇಲೆಕ್ಟ್ರಾನ್ ಉಳ್ಳ ಕೆಲವು ಕಣಗಳು ಹೊರಬೀಳುತ್ತವೆ. ಇವನ್ನು ಮುಕ್ತ ರಾಡಿಕಲ್‌ಗಳೆನ್ನುತ್ತಾರೆ. ಇವು ನೆರೆಯ ಅಣುಗಳಿಂದ ಇಲೆಕ್ಟ್ರಾನನ್ನು ಕಿತ್ತುಕೊಂಡು ಕೋಶದ ಪೊರೆಯನ್ನೂ ಪ್ರೋಟೀನನ್ನೂ ಡಿ.ಎನ್.ಎ.ಯನ್ನೂ ಕೆಡಿಸಬಲ್ಲವು. ಈ ಕೇಡು ದಿನೇ ದಿನೇ ಕೂಡಿ ಮುಪ್ಪಾಗುತ್ತದೆಂದು ಅಮೆರಿಕದ ಡೆನ್ಹಮ್ ಹಾರ್ಮನ್ ಎಂಬ ವಿಜ್ಞಾನಿ 1956ರಲ್ಲಿ ಪ್ರತಿಪಾದಿಸಿದನು. ಇಂದಿನ ಜಾಹೀರಾತುಗಳೆಲ್ಲ ಆ ಒಂದು ವಾದದ ಮೊಮ್ಮಕ್ಕಳು. ಕೇಡು ಮಾಡುವುದು ಆಮ್ಲಜನಕ, ತಡೆಯುವುದು ಹಣ್ಣಿನ ರಸ, ಆದುದರಿಂದ ಹಣ್ಣಿನ ರಸ ಕುಡಿದವನಿಗೆ ಮುಪ್ಪಿಲ್ಲ ಎಂಬುದು ಅವುಗಳ ತರ್ಕ. ಕೇಳುವುದಕ್ಕೆ ಇಂಪಾಗಿದೆ. ಆದರೆ ಇದರಲ್ಲಿ ಹೇತು ಸಾಧ್ಯಗಳ ವ್ಯಾಪ್ತಿ ಸಿದ್ಧವಾಗಿಲ್ಲ.

ಏಕೆಂದರೆ ಕೋಶವು ಕೈಕಟ್ಟಿ ಕುಳಿತಿಲ್ಲ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು ದೇಹವು ತಾನಾಗಿಯೇ ತಯಾರಿಸಿಕೊಳ್ಳುವ ಒಂದು ಕಿಣ್ವವು ಈ ಕಿಡಿಗಳನ್ನು ಆರಿಸುತ್ತದೆಂದು ತೋರಿಸಿದರು. ಅಂಥವು ಇನ್ನೂ ಹಲವು ಇವೆ. ಮುಪ್ಪಿಗೆ ಬೇರೆ ಕಾರಣಗಳೂ ಇವೆ. ಮನುಷ್ಯನ ಕೋಶವನ್ನು ಗಾಜಿನ ಪಾತ್ರೆಯಲ್ಲಿ ಸಾಕಿದರೆ ಸುಮಾರು 50 ಸಲ ಇಬ್ಬಾಗವಾಗಿ ಆಮೇಲೆ ನಿಂತುಬಿಡುತ್ತದೆಂದು 1961ರಲ್ಲಿ ಹೇಫ್ಲಿಕ್ ತನ್ನ ಸಹೋದ್ಯೋಗಿಯೊಡನೆ ಕಂಡುಕೊಂಡನು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗವು ಪ್ರತಿ ವಿಭಾಗದಲ್ಲಿಯೂ ಮೊಟಕಾಗುವುದು ಅದಕ್ಕೊಂದು ಕಾರಣವೆಂದು ಅನಂತರ ತಿಳಿಯಿತು. ಟೆಲೊಮಿಯರ್‌ಗಳ ಸಂಶೋಧನೆಗಾಗಿ 2009ರಲ್ಲಿ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆಫ್ರಿಕದ ನೆಲದಡಿಯಲ್ಲಿ ವಾಸಿಸುವ ಕೂದಲಿಲ್ಲದ ಒಂದು ಜಾತಿಯ ಇಲಿಯ ಮೈಯಲ್ಲಿ ಉತ್ಕರ್ಷಣದ ಗಾಯಗಳು ಸಾಧಾರಣ ಇಲಿಗಿಂತ ಹೆಚ್ಚಾಗಿಯೇ ಇದ್ದರೂ ಅದು 30 ವರ್ಷ ಬದುಕುತ್ತದೆ. ಹಾರ್ಮನನ ವಾದವು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಒಂದು ನಯ. ಅದನ್ನೇ ಪ್ರಮಾಣವೆಂದು ಹಿಡಿದವರು ತಪ್ಪಿದರು.

ತಪ್ಪಿದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗುಳಿಗೆ ಕೊಳ್ಳುವ ಮನೆಗಳಿಗೆ ಇದು ತಿಳಿದಿರಬೇಕಾದ ಸಂಗತಿ. ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಹೃದ್ರೋಗ, ಕ್ಯಾನ್ಸರ್ ಕಡಿಮೆಯೆಂಬುದು ಅನೇಕ ದೇಶಗಳ ಅನುಭವ. ಹಣ್ಣಿನ ಹಳದಿ ಬಣ್ಣದ ಬೀಟಾ ಕ್ಯಾರೊಟೀನನ್ನು ಬೇರ್ಪಡಿಸಿ ಗುಳಿಗೆ ಮಾಡಿ ಕೊಟ್ಟರೆ ಫಲ ಇನ್ನೂ ಬೇಗ ಸಿಗಬಹುದೆಂದು ಫಿನ್ಲೆಂಡ್ ದೇಶದಲ್ಲಿ ಧೂಮಪಾನಿಗಳಾದ 29,133 ಮಂದಿ ಗಂಡಸರ ಮೇಲೆ ಪರೀಕ್ಷೆ ನಡೆಸಿದರು. 1994ರಲ್ಲಿ ಫಲಿತಾಂಶ ಹೊರಬಂದಾಗ ಎಲ್ಲರೂ ಬೆರಗಾದರು. ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ಹೆಚ್ಚಳ ಶೇಕಡಾ 28. ಬಳಿಕ 2012ರಲ್ಲಿ 78 ಪರೀಕ್ಷೆಗಳನ್ನು, ಸುಮಾರು 2,97,000 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಂತಹ ಗುಳಿಗೆಗಳಿಂದ ಆಯುಷ್ಯ ಬೆಳೆದ ಕುರುಹು ಕಾಣಲಿಲ್ಲ. ಬೀಟಾ ಕ್ಯಾರೊಟೀನ್ ಮತ್ತು 'ಇ' ಜೀವಸತ್ತ್ವದ ಗುಳಿಗೆಗಳಿಂದ ಮರಣವು ಸ್ವಲ್ಪ ಹೆಚ್ಚೇ ಆದಂತೆ ಕಂಡಿತು. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆಯು ಯಾವ ಹಣ್ಣಿಗೆ ಎಷ್ಟು ನಿರೋಧಕ ಶಕ್ತಿಯೆಂದು ತಾನು ಪ್ರಕಟಿಸಿದ್ದ ಅಂಕಿಗಳ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಗಾಜಿನ ನಳಿಗೆಯಲ್ಲಿ ಅಳೆದ ಶಕ್ತಿಗೂ ದೇಹದೊಳಗಣ ಫಲಕ್ಕೂ ಸಂಬಂಧ ಹೇಳಲು ಬಾರದೆಂಬುದೇ ಕಾರಣ. ಅಂಗಡಿಯ ಡಬ್ಬಗಳು ಮಾತ್ರ ಇನ್ನೂ ಅಂಥ ಅಂಕಿಗಳನ್ನು ಬಿಟ್ಟಿಲ್ಲ.

ಹಾಗಾದರೆ ಪುನರ್ಪುಳಿ ವ್ಯರ್ಥವೇ? ಎಂದಿಗೂ ಅಲ್ಲ. ಅದರ ಸಿಪ್ಪೆಯ ಕೆಂಪು ಬಣ್ಣವು ಆಂಥೊಸಯನಿನ್ ಎಂಬ ವರ್ಗದ ದ್ರವ್ಯ. ನೇರಳೆಹಣ್ಣು ತಿಂದ ಮಕ್ಕಳ ನಾಲಗೆಗೆ ಹತ್ತುವುದೂ ಅದೇ ವರ್ಗದ್ದು. ಪುನರ್ಪುಳಿಯ ನೀರಿಗೆ ಚಿಟಿಕೆ ಅಡಿಗೆಸೋಡ ಹಾಕಿದರೆ ಕೆಂಪು ಕಳೆದು ನೀಲಿಯ ಕಡೆಗೆ ತಿರುಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಶಾಲೆಯ ಮಕ್ಕಳಿಗೆ ಆಮ್ಲ ಪ್ರತ್ಯಾಮ್ಲಗಳನ್ನು ಕಲಿಸಲು ಇದಕ್ಕಿಂತ ಅಗ್ಗದ ಸಾಧನವಿಲ್ಲ. ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ದ್ರವ್ಯವೂ, ಹೈಡ್ರಾಕ್ಸಿಸಿಟ್ರಿಕ್ ಎಂಬ ಆಮ್ಲವೂ ಇವೆ. ಪ್ರಯೋಗಶಾಲೆಯ ಕೋಶಗಳ ಮೇಲೆಯೂ ಇಲಿಗಳ ಮೇಲೆಯೂ ಗಾರ್ಸಿನಾಲಿನ ಪ್ರಭಾವವನ್ನು ನೋಡಿದ್ದಾರೆ. ಆದರೆ ಮನುಷ್ಯರಿಗೆ ಕೊಟ್ಟು ಮುಪ್ಪು ತಡವಾಯಿತೆಂದು ಸಾಧಿಸಿದ ಪರೀಕ್ಷೆಯಿಲ್ಲ. ಕುಡಿದ ಪಾನಕದ ಆಂಥೊಸಯನಿನ್ನಿನಲ್ಲಿ ಬಹು ಅಲ್ಪಾಂಶವೇ ರಕ್ತಕ್ಕೆ ಸೇರುತ್ತದೆ. ಹೆಚ್ಚಿನದು ಕರುಳಿನಲ್ಲಿ ಮಾರ್ಪಟ್ಟು ಹೋಗುತ್ತದೆ. ಆ ಮಾರ್ಪಾಟಿನಿಂದ ಹುಟ್ಟುವ ಬೇರೆ ದ್ರವ್ಯಗಳು ದೇಹದ ಸ್ವಂತ ಕಿಣ್ವಗಳನ್ನು ಎಚ್ಚರಿಸುತ್ತವೆಯೇ ಎಂಬುದು ಇಂದಿನ ಸಂಶೋಧಕರು ಹಿಡಿದಿರುವ ದಾರಿ.

ಈ ಸೀಮೆಯ ಇನ್ನೊಂದು ಹಣ್ಣು ಅಷ್ಟೂ ಗೌರವವಿಲ್ಲದೆ ಗುಡ್ಡೆಗಳಲ್ಲಿ ಕೊಳೆಯುತ್ತದೆ. ಅದು ಗೇರುಹಣ್ಣು. ಬೀಜಕ್ಕೆ ಬೆಲೆ, ಹಣ್ಣಿಗೆ ಇಲ್ಲ. 100 ಗ್ರಾಂ ಗೇರುಹಣ್ಣಿನಲ್ಲಿ 'ಸಿ' ಜೀವಸತ್ತ್ವವು ಹೆಚ್ಚುಕಡಿಮೆ 200 ಮಿಲಿಗ್ರಾಂ ಇದ್ದು, ಕಿತ್ತಳೆಯದಕ್ಕಿಂತ ಹಲವು ಪಟ್ಟಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂದು ನಿರ್ಧರಿಸಿದೆ. ಒಂದು ಹಣ್ಣಿಗೆ ಆ ಲೆಕ್ಕ ಮುಗಿಯಿತು. ಗಂಟಲು ಕೆರೆಯುವುದು ಅದರ ಟ್ಯಾನಿನ್ನಿನಿಂದ. ಹಬೆಯಲ್ಲಿ ಬೇಯಿಸಿ ಉಪ್ಪುನೀರಿನಲ್ಲಿ ತೊಳೆದರೆ ಒಗರು ತಗ್ಗುತ್ತದೆ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವು, ಇಂದಿನ ಗೇರು ಸಂಶೋಧನಾ ನಿರ್ದೇಶನಾಲಯವು, ಬೀಜದೊಡನೆ ಹಣ್ಣಿನ ಉಪಯೋಗದ ವಿಷಯದಲ್ಲಿಯೂ ಕೆಲಸ ಮಾಡಿದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಬಿದ್ದ ಗೇರುಹಣ್ಣು ಬಹು ಬೇಗ ಹುಳಿಯುತ್ತದೆ. ಗೋವೆಯಲ್ಲಿ ಫೆನಿ ಎಂಬ ಮದ್ಯವಾಗುವುದು ಅದೇ ಹಣ್ಣು. ಚಲಿತರಸವಾಗುವ ಮೊದಲೇ, ಬಿದ್ದ ದಿನವೇ ತಂದು ಉಪಯೋಗಿಸತಕ್ಕದ್ದು.

ಕೊಕ್ಕೋವನ್ನು ಕುರಿತು ಎರಡೇ ಮಾತು. ಅಡಕೆ ತೋಟಗಳ ನೆರಳಿನಲ್ಲಿ ಬೆಳೆಯುವ ಈ ಬೀಜಕ್ಕಾಗಿ 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯು ಪುತ್ತೂರಿನಲ್ಲಿ ಕಾರ್ಖಾನೆ ತೆರೆಯಿತು. ಕೊಕ್ಕೋಬೀಜದ ಫ್ಲೇವನಾಲನ್ನು ಗುಳಿಗೆ ಮಾಡಿ ಅಮೆರಿಕದ 21,000ಕ್ಕೂ ಹೆಚ್ಚು ಹಿರಿಯರಿಗೆ ಕೊಟ್ಟ ಪರೀಕ್ಷೆಯ ಫಲ 2022ರಲ್ಲಿ ಬಂದಿತು; ಹೃದಯದ ತೊಂದರೆಗಳು ಒಟ್ಟಾರೆ ಕಡಿಮೆಯಾದುವೆಂದು ಖಚಿತವಾಗಿ ಹೇಳಲಾಗಲಿಲ್ಲ. ಹೃದ್ರೋಗದ ಮರಣಗಳು ಮಾತ್ರ ಕಡಿಮೆಯಾಗಿದ್ದುವು. ಸಕ್ಕರೆ ತುಂಬಿದ ಚಾಕಲೇಟಿಗೆ ಆ ಫಲವನ್ನು ಹಚ್ಚಬಾರದು.

ಈಗ ತ್ಯಾಗದ ಪ್ರಶ್ನೆಗೆ ಬರಬಹುದು. ದ್ರಾಕ್ಷಾಮದ್ಯಕ್ಕೆ ಖ್ಯಾತಿ ತಂದದ್ದು ರೆಸ್ವೆರಟ್ರಾಲ್ ಎಂಬ ದ್ರವ್ಯ. ಇಟಲಿಯ ಕಿಯಾಂಟಿ ಎಂಬ ದ್ರಾಕ್ಷಿಯ ಸೀಮೆಯಲ್ಲಿ 783 ಮಂದಿ ವೃದ್ಧರನ್ನು ಒಂಬತ್ತು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಆ ದ್ರವ್ಯವು ಮೈಯಲ್ಲಿ ಹೆಚ್ಚಿದ್ದವರಿಗೂ ಕಡಿಮೆಯಿದ್ದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮದ್ಯತ್ಯಾಗ ಮಾಡಿದವನು ಕಳೆದುಕೊಂಡದ್ದು ಏನೂ ಇಲ್ಲ. ಪಂಚೋದುಂಬರಗಳ ಜಾತಿಗೆ ಸೇರಿದ ಅಂಜೂರದ ಮಾತೂ ಹಾಗೆಯೇ. ಅತ್ತಿ, ಆಲ, ಅಶ್ವತ್ಥ, ಬಸರಿಗಳಲ್ಲಿ ಹಣ್ಣೆಂದು ಕಾಣುವುದು ಒಳಮುಖವಾಗಿ ಅರಳಿದ ಹೂಗೊಂಚಲು. ಸೂಕ್ಷ್ಮ ಕಣಜಗಳು ಒಳಹೊಕ್ಕು ಪರಾಗಸ್ಪರ್ಶ ಮಾಡಿ ಅಲ್ಲಿಯೇ ಮೊಟ್ಟೆಯಿಡುತ್ತವೆಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಅದರಲ್ಲಿರುವ ಪಾಲಿಫಿನಾಲ್ ವರ್ಗದ ದ್ರವ್ಯಗಳು ನೇರಳೆಯಲ್ಲಿ ಇವೆ, ಪೇರಳೆಯಲ್ಲಿ ಇವೆ, ನೆಲ್ಲಿಯಲ್ಲಂತೂ ಯಥೇಚ್ಛವಾಗಿವೆ. ಗಜ್ಜರಿಯನ್ನು ಕಂದಮೂಲವೆಂದು ಬಿಟ್ಟವರಿಗೆ ಅದರ ಕ್ಯಾರೊಟೀನು ಪಪ್ಪಾಯಿಯಲ್ಲಿಯೂ ಮಾವಿನಲ್ಲಿಯೂ ನುಗ್ಗೆಸೊಪ್ಪಿನಲ್ಲಿಯೂ ದೊರೆಯುತ್ತದೆ. ಮಾರುಕಟ್ಟೆಯ ಚ್ಯವನಪ್ರಾಶದಲ್ಲಿ ಸಾಮಾನ್ಯವಾಗಿ ಜೇನು ಇರುತ್ತದೆಂಬುದನ್ನು ಮಾತ್ರ ಮಧುತ್ಯಾಗಿಗಳು ಮರೆಯಬಾರದು. ನೆಲ್ಲಿಕಾಯಿಯನ್ನು ಬೇಯಿಸಿ ಬೆಲ್ಲದ ಪಾಕದಲ್ಲಿ ಮನೆಯಲ್ಲಿಯೇ ಲೇಹ ಮಾಡಬಹುದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ 'ಕಲ್ಯಾಣಕಾರಕ'ದಲ್ಲಿ ಮದ್ಯ ಮಾಂಸ ಮಧುಗಳನ್ನು ಬಿಟ್ಟೇ ವೈದ್ಯವನ್ನು ನಿರೂಪಿಸಿದ್ದಾರೆ. ಆದುದರಿಂದ ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ.

ಸಚಿತ್ತತ್ಯಾಗಿಗಳ ಸಂದೇಹಕ್ಕೆ ಉತ್ತರವು ದ್ರವ್ಯದಿಂದ ದ್ರವ್ಯಕ್ಕೆ ಬೇರೆ. ಒಣಗಿಸಿದ್ದು, ಬೇಯಿಸಿದ್ದು, ಕಾಯಿಸಿದ್ದು, ಹುಳಿ ಉಪ್ಪು ಬೆರೆಸಿದ್ದು, ಕತ್ತರಿಸಿ ಅರೆದದ್ದು ಎಂದು ಪ್ರಾಸುಕ ಮಾಡುವ ಕ್ರಮಗಳು ಹಲವಿವೆಯಷ್ಟೆ. 'ಸಿ' ಜೀವಸತ್ತ್ವವು ಕಾವಿಗೂ ಗಾಳಿಗೂ ಬಹು ಬೇಗ ಸೋಲುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ತಾಮ್ರದ ಪಾತ್ರೆಯಾದರಂತೂ ನಾಶ ಇನ್ನೂ ತ್ವರಿತ. ಹಬೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿದರೆ ಗಣನೀಯ ಭಾಗ ಉಳಿಯುತ್ತದೆ. ನೆಲ್ಲಿಯಲ್ಲಿ ಟ್ಯಾನಿನ್ ಮತ್ತು ಹುಳಿಗಳ ಆಸರೆಯಿರುವುದರಿಂದ ಒಣಗಿದರೂ ಕೆಲಮಟ್ಟಿಗೆ ನಿಲ್ಲುತ್ತದೆ. ಆಂಥೊಸಯನಿನ್ ಹುಳಿಯಲ್ಲಿ ಸ್ಥಿರ. ಪುನರ್ಪುಳಿಯು ತಾನೇ ಹುಳಿಯಾದುದರಿಂದ ಕುದಿಸಿದ ಸಾರು ಕೂಡ ಕೆಂಪಾಗಿ ಉಳಿಯುತ್ತದೆ. ಆ ಕೆಂಪೇ ದ್ರವ್ಯ ಉಳಿದಿರುವುದಕ್ಕೆ ಸಾಕ್ಷಿ. ಬಹುದಿನದ ಬಿಸಿಲಿನಲ್ಲಿ ಸಿಪ್ಪೆ ಕಪ್ಪಾದಷ್ಟೂ ಅದು ಕಡಿಮೆ. ಕ್ಯಾರೊಟೀನಿಗೆ ಮಾತ್ರ ಬೇಯಿಸುವುದರಿಂದ ಲಾಭವೇ ಹೆಚ್ಚು, ಕೋಶದ ಗೋಡೆ ಸಡಿಲಿ ದೇಹಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಅದಕ್ಕೆ ತುಸು ಜಿಡ್ಡು ಬೇಕು. ರಸಪರಿತ್ಯಾಗದಲ್ಲಿ ತುಪ್ಪ ಎಣ್ಣೆಗಳನ್ನು ಬಿಟ್ಟ ದಿನ ಅದು ಅಷ್ಟಾಗಿ ಸೇರದು. ದೇಹವು 'ಎ' ಜೀವಸತ್ತ್ವವನ್ನು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುವುದರಿಂದ ಒಂದೆರಡು ದಿನಕ್ಕೆ ಬಾಧಕವಿಲ್ಲ. ಪ್ರಾಸುಕ ಆಹಾರದಿಂದ ದೇಹ ಸೊರಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಉಪವಾಸದ ವಿಷಯ. ಆಹಾರ ನಿಂತಾಗ ಕೋಶವು ತನ್ನೊಳಗಣ ಹಳಸಿದ ಭಾಗಗಳನ್ನು ತಾನೇ ಅರಗಿಸಿಕೊಳ್ಳುವ ಕ್ರಮವನ್ನು ಯೀಸ್ಟಿನಲ್ಲಿ ಕಂಡುಹಿಡಿದ ಜಪಾನಿನ ಯೊಶಿನೊರಿ ಒಸುಮಿಗೆ 2016ರಲ್ಲಿ ನೊಬೆಲ್ ಬಂದಿತು. ಇಷ್ಟು ಕೇಳಿದೊಡನೆ ನೋಂಪಿಗಳ ಮಹಿಮೆಯನ್ನು ವಿಜ್ಞಾನವು ಒಪ್ಪಿತೆಂದು ಸಭೆಗಳಲ್ಲಿ ಹೇಳುವವರುಂಟು. ಅದು ಆತುರ. ಕರ್ಮನಿರ್ಜರೆಗಾಗಿ ಮಾಡುವ ತಪಸ್ಸಿಗೆ ಯೀಸ್ಟಿನ ಶಿಫಾರಸು ಬೇಕಾಗಿಲ್ಲ. ಒಂದು ದಿನದ ಉಪವಾಸದಿಂದ ಮನುಷ್ಯನ ಆಯುಷ್ಯ ಬೆಳೆಯುತ್ತದೆಂದು ಸಾಧಿಸಿದವರೂ ಇಲ್ಲ. ಅವಮೌದರ್ಯಕ್ಕೆ, ಅಂದರೆ ಹೊಟ್ಟೆ ತುಂಬುವುದಕ್ಕೆ ಮೊದಲೇ ಏಳುವುದಕ್ಕೆ, ಇದಕ್ಕಿಂತ ಹತ್ತಿರದ ಪುರಾವೆಯಿದೆ. ಮಿತವಾಗಿ ಉಣಿಸಿದ ಇಲಿಗಳು ಹೆಚ್ಚು ಕಾಲ ಬದುಕುತ್ತವೆಂದು 1935ರಲ್ಲಿಯೇ ಮೆಕೇ ಎಂಬಾತ ತೋರಿಸಿದ್ದನು. ಸ್ಥೂಲಕಾಯರಲ್ಲದ ಮನುಷ್ಯರು ಎರಡು ವರ್ಷ ಊಟವನ್ನು ಶೇಕಡಾ 12ರಷ್ಟು ತಗ್ಗಿಸಿದ ಪರೀಕ್ಷೆಯ ರಕ್ತದ ಮಾದರಿಗಳನ್ನು ಪರಿಶೀಲಿಸಿ, ಒಂದು ಅಳತೆಯಲ್ಲಿ ಮುಪ್ಪಿನ ವೇಗ ಶೇಕಡಾ 2-3ರಷ್ಟು ಕಡಿಮೆಯೆಂದು 2023ರಲ್ಲಿ ವರದಿ ಮಾಡಿದರು. ಚಿಕ್ಕ ಅಂಕಿಯೇ, ಆದರೂ ಯಾವ ಗುಳಿಗೆಯೂ ಅಷ್ಟನ್ನು ತೋರಿಸಿಲ್ಲ.

ಕಡೆಯದಾಗಿ ಆಯುಕರ್ಮ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ದೇವ ನಾರಕರು, ಚರಮದೇಹಿಗಳು, ಅಸಂಖ್ಯಾತ ವರ್ಷದ ಆಯುಷ್ಯವುಳ್ಳವರು ಇವರ ಆಯುಷ್ಯವು ಮೊಟಕಾಗದೆಂದು ಹೇಳುತ್ತದೆ. ಉಳಿದವರ ಆಯುಷ್ಯ ಬಾಹ್ಯ ನಿಮಿತ್ತಗಳಿಂದ ಬೇಗ ಮುಗಿಯಬಹುದೆಂಬುದು ಇದರಿಂದ ತಾತ್ಪರ್ಯ. ಇಲ್ಲಿ ರಾಜವಾರ್ತಿಕದಲ್ಲಿ ಅಕಲಂಕದೇವರು ಕೊಡುವ ದೃಷ್ಟಾಂತವು ಹಣ್ಣೇ ಆಗಿದೆ: ಮರದಲ್ಲಿ ತನ್ನ ಕಾಲಕ್ಕೆ ಹಣ್ಣಾಗತಕ್ಕ ಮಾವು ಉಪಾಯದಿಂದ ಅವಧಿಗೆ ಮೊದಲೇ ಹಣ್ಣಾಗುವುದನ್ನು ಎಲ್ಲರೂ ಕಂಡಿದ್ದಾರೆ. ಬದ್ಧ ಆಯುಷ್ಯಕ್ಕೆ ಒಂದು ಕ್ಷಣವನ್ನೂ ಕೂಡಿಸುವ ಹಣ್ಣು ಇಲ್ಲ, ಗುಳಿಗೆಯೂ ಇಲ್ಲ. ಆದರೆ ಅವಧಿಗೆ ಮೊದಲು ಅದನ್ನು ಮುಗಿಸುವ ನಿಮಿತ್ತಗಳನ್ನು ದೂರವಿಡುವುದು ಶಾಸ್ತ್ರಕ್ಕೆ ವಿರೋಧವಲ್ಲ. ವೈದ್ಯಕ್ಕೆ ಎಡೆಯಿರುವುದೇ ಅಲ್ಲಿ. ಹೊಗೆಸೊಪ್ಪು, ಅತಿಭೋಜನ, ಅಂಕೆಯಿಲ್ಲದ ಮಧುಮೇಹ, ಇವು ಹುಲ್ಲಿನಲ್ಲಿ ಹೂತ ಮಾವಿಗೆ ತಗುಲುವ ಕಾವಿನಂಥವು.

ಅಂಥ ನಿಮಿತ್ತವು ಹಣ್ಣಿನ ವೇಷದಲ್ಲಿಯೂ ಬರಬಹುದು. ಪಾರಣೆಯ ದಿನ ಖಾಲಿ ಹೊಟ್ಟೆಗೆ ಬಿಂಬುಳಿಯ ರಸವನ್ನು ಹಿಂಡಿ ಕುಡಿದರೆ ಕೊಬ್ಬು ಕರಗುತ್ತದೆಂಬ ಮಾತು ಮನೆಯಿಂದ ಮನೆಗೆ ಹಬ್ಬುತ್ತದೆ. ಬಿಂಬುಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಟ್ಟ ಕೇರಳದ ಹತ್ತು ಮಂದಿಯ ವೃತ್ತಾಂತವನ್ನು 2013ರಲ್ಲಿ ವೈದ್ಯರು ಪ್ರಕಟಿಸಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಎಂಬ ಲವಣವೇ ಕಾರಣ. ದಾರೆಹುಳಿಯೂ ಮೂತ್ರಪಿಂಡದ ರೋಗಿಗಳಿಗೆ ಅಪಾಯಕರ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟ ತುಂಬ ಕುಡಿಯುವುದು ಬೇರೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಿ ಅದರ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಪುನರ್ಪುಳಿಯ ಮಂದ ಪಾನಕದಲ್ಲಿ ಸಿಪ್ಪೆಯಷ್ಟೇ ಸಕ್ಕರೆ, ಕೆಲವೆಡೆ ಅದಕ್ಕೂ ಹೆಚ್ಚು ಇರುತ್ತದೆ. ಇಂಥವರು ನಾಲ್ಕೈದು ಒಣಸಿಪ್ಪೆಗಳನ್ನು ಕಾಯಿಸಿ ಶೋಧಿಸಿದ ನೀರಿನಲ್ಲಿ ನೆನೆಹಾಕಿ, ಕಿವುಚಿ, ಜೀರಿಗೆ ಪುಡಿಯನ್ನೂ ಚಿಟಿಕೆ ಉಪ್ಪನ್ನೂ ಸೇರಿಸಿ ಕುಡಿಯಬಹುದು. ಉಪ್ಪನ್ನು ತ್ಯಾಗ ಮಾಡಿದ ದಿನ ಜೀರಿಗೆಯಷ್ಟೇ ಸಾಕು.